ಪದವಿಯ ಫಾರ್ಮಕಾಲಜಿ ಪಠ್ಯಕ್ರಮ: ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ವಿಜ್ಞಾನ ಪದವಿಯ ಎರಡನೆಯ ಮತ್ತು ಮೂರನೆಯ ವರ್ಷಗಳಲ್ಲಿ ನಾನು ಓದಿದ ಫಾರ್ಮಕಾಲಜಿ ಪಠ್ಯಕ್ರಮದ ವಿಮರ್ಶೆ ಇದು. ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ವಿಷಯದ ಪದವಿ ಪಾಠಗಳು ಬಹುಮಟ್ಟಿಗೆ ಒಂದೇ ಚೌಕಟ್ಟಿನಲ್ಲಿ ನಡೆಯುವುದರಿಂದ, ಸೇರಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೆ ಹೆಸರಿಗಿಂತ ಪಾಠದ ಸ್ವರೂಪವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸುತ್ತೇನೆ: ಪ್ರಯೋಗ ಮತ್ತು ಲೆಕ್ಕಗಳ ಮೂಲಕ ಕಲಿಸಿದ ಕಡೆಗಳಲ್ಲಿ ಇಡೀ ಪದವಿಯಲ್ಲಿ ಇದಕ್ಕೆ ಸರಿಸಾಟಿಯಾದ ಇನ್ನೊಂದು ವಿಷಯ ನನಗೆ ಸಿಗಲಿಲ್ಲ, ಔಷಧಗಳ ಪಟ್ಟಿಯನ್ನಾಗಿ ಮಾಡಿ ಕಲಿಸಿದ ಕಡೆಗಳಲ್ಲಿ ಅದೇ ವಿಷಯ ತನ್ನ ಸತ್ವವನ್ನೆಲ್ಲ ಕಳೆದುಕೊಂಡಿತು.

ಫಾರ್ಮಸಿ ಮತ್ತು ಫಾರ್ಮಕಾಲಜಿ ಎರಡೂ ಒಂದೇ ಎಂದು ತಿಳಿದು ಸೇರುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಔಷಧವನ್ನು ಮಾತ್ರೆ, ದ್ರವ, ಮುಲಾಮುಗಳ ರೂಪಕ್ಕೆ ತರುವುದು, ಅದನ್ನು ರೋಗಿಗೆ ಸರಿಯಾಗಿ ಒದಗಿಸುವುದು ಫಾರ್ಮಸಿಯ ಕ್ಷೇತ್ರ. ಔಷಧವು ದೇಹಕ್ಕೆ ಏನು ಮಾಡುತ್ತದೆ, ದೇಹವು ಔಷಧಕ್ಕೆ ಏನು ಮಾಡುತ್ತದೆ ಎಂಬ ಎರಡು ಪ್ರಶ್ನೆಗಳು ಫಾರ್ಮಕಾಲಜಿಯವು. ಮೊದಲನೆಯದರ ಅಧ್ಯಯನ ಫಾರ್ಮಕೊಡೈನಮಿಕ್ಸ್, ಎರಡನೆಯದರದು ಫಾರ್ಮಕೊಕೈನೆಟಿಕ್ಸ್. ವಿಶ್ವವಿದ್ಯಾಲಯದ ಸ್ವತಂತ್ರ ವಿಷಯವಾಗಿ ಇದರ ವಯಸ್ಸು ಹೆಚ್ಚೇನಲ್ಲ. 1847ರಲ್ಲಿ ರುಡಾಲ್ಫ್ ಬುಕ್‌ಹೈಮ್ ಇಂದು ಎಸ್ಟೋನಿಯಾದ ಟಾರ್ಟು ಎನಿಸಿಕೊಂಡಿರುವ ಡೋರ್ಪಾಟ್‌ನಲ್ಲಿ ಇದಕ್ಕಾಗಿಯೇ ಒಂದು ಪ್ರಯೋಗಾಲಯವನ್ನು ಕಟ್ಟಿದರು. ಅವರ ಶಿಷ್ಯ ಓಸ್ವಾಲ್ಡ್ ಶ್ಮಿಡೆಬರ್ಗ್ 1872ರಿಂದ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಪೀಳಿಗೆಯ ಸಂಶೋಧಕರನ್ನು ತಯಾರು ಮಾಡಿದರು. ಯಾವ ಕಾಯಿಲೆಗೆ ಯಾವ ಔಷಧ ಎಂಬ ಪರಂಪರೆಯ ಪಟ್ಟಿಗಳನ್ನು ಒಪ್ಪಿಕೊಂಡು ಕೂರದೆ, ಅದು ಕೆಲಸ ಮಾಡುವುದು ಹೇಗೆ ಎಂದು ಪ್ರಯೋಗದಿಂದ ತಿಳಿಯುವ ಹಟದಿಂದಲೇ ಈ ವಿಷಯ ಹುಟ್ಟಿತು. ಪಠ್ಯಕ್ರಮವನ್ನು ಅಳೆಯುವಾಗ ನಾನು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಆರಂಭದ ಉಪನ್ಯಾಸಗಳು ಬಹಳ ಚೆನ್ನಾಗಿದ್ದವು. ರಿಸೆಪ್ಟರ್ ಎಂದರೇನು ಎಂಬ ವ್ಯಾಖ್ಯೆಯನ್ನು ಮೊದಲೇ ಬರೆಸದೆ, ಅಂಥದೊಂದು ಇರಲೇಬೇಕು ಎಂದು ವಿಜ್ಞಾನಿಗಳಿಗೆ ಅನ್ನಿಸಿದ್ದು ಏಕೆ ಎಂಬಲ್ಲಿಂದ ಅಧ್ಯಾಪಕರು ಆರಂಭಿಸಿದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕ್ಲೋಡ್ ಬರ್ನಾರ್ಡ್ ಕುರಾರೆ ವಿಷವನ್ನು ಕಪ್ಪೆಗೆ ಕೊಟ್ಟು, ನರಕ್ಕೆ ಪ್ರಚೋದನೆ ನೀಡಿದರೆ ಸ್ನಾಯು ಅಲುಗುವುದಿಲ್ಲ, ಸ್ನಾಯುವಿಗೇ ನೇರವಾಗಿ ಪ್ರಚೋದನೆ ನೀಡಿದರೆ ಅಲುಗುತ್ತದೆ ಎಂದು ತೋರಿಸಿದರು. ಹಾಗಾದರೆ ತಡೆ ಇರುವುದು ನರವೂ ಸ್ನಾಯುವೂ ಕೂಡುವ ಜಾಗದಲ್ಲಿ. 1905ರಲ್ಲಿ ಜಾನ್ ಲ್ಯಾಂಗ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ನರವನ್ನು ಕತ್ತರಿಸಿ ಅದು ಪೂರ್ತಿ ನಶಿಸಿದ ಮೇಲೂ ನಿಕೋಟಿನ್ ಸ್ನಾಯುವನ್ನು ಸಂಕುಚಿಸುತ್ತದೆ, ಕುರಾರೆ ಆ ಸಂಕೋಚನವನ್ನು ತಡೆಯುತ್ತದೆ, ಆದರೆ ವಿದ್ಯುತ್ ಪ್ರಚೋದನೆಗೆ ಸ್ನಾಯು ಎಂದಿನಂತೆ ಸ್ಪಂದಿಸುತ್ತದೆ. ಎರಡೂ ವಸ್ತುಗಳು ಕೆಲಸ ಮಾಡುವುದು ನರದ ಮೇಲೂ ಅಲ್ಲ, ಸಂಕೋಚನದ ಯಂತ್ರಾಂಗದ ಮೇಲೂ ಅಲ್ಲ, ಅವುಗಳನ್ನು ಗುರುತಿಸಿ ಹಿಡಿದುಕೊಳ್ಳುವ ಮೂರನೆಯದೊಂದರ, ಅಂದರೆ ರಿಸೆಪ್ಟರಿನ, ಮೇಲೆ ಎಂಬ ತೀರ್ಮಾನ ಹೀಗೆ ಬಂತು. ಪ್ರತಿ ಪ್ರಯೋಗದ ಫಲಿತಾಂಶವನ್ನು ಹಲಗೆಯ ಮೇಲೆ ಬರೆದು, ಮುಂದಿನ ತೀರ್ಮಾನವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಿದ ಆ ತರಗತಿಯ ನಂತರ, ಯಾವ ಔಷಧದ ಬಗ್ಗೆ ಓದಿದರೂ ‘ಇದು ಹೀಗೇ ಎಂದು ಯಾರಿಗೆ, ಹೇಗೆ ಗೊತ್ತಾಯಿತು’ ಎಂದು ಕೇಳುವ ಅಭ್ಯಾಸ ನನಗೆ ಉಳಿದುಕೊಂಡಿತು. ಒಂದು ಉಪನ್ಯಾಸದಿಂದ ಇದಕ್ಕಿಂತ ಹೆಚ್ಚಿನದನ್ನು ಬಯಸುವಂತಿಲ್ಲ.

ಈ ಪಠ್ಯಕ್ರಮದ ಹೃದಯ ಇರುವುದು ಪ್ರಯೋಗಾಲಯದಲ್ಲಿ. ಆರ್ಗನ್ ಬಾತ್ ಎಂಬುದು ನೋಡಲು ಸರಳವಾದ ಸಲಕರಣೆ: ಸುತ್ತಲೂ ಬಿಸಿನೀರು ಹರಿಯುವ ಎರಡು ಪದರದ ಗಾಜಿನ ಪಾತ್ರೆ, ಅದರೊಳಗೆ ದೇಹದ ದ್ರವವನ್ನು ಹೋಲುವ, ಲವಣ ಮತ್ತು ಗ್ಲೂಕೋಸ್ ಬೆರೆತ ಟೈರೋಡ್ ದ್ರಾವಣ, ಕೆಳಗಿನಿಂದ ಸಣ್ಣಗೆ ಏಳುವ ಆಮ್ಲಜನಕದ ಗುಳ್ಳೆಗಳು. ಗಿನಿಪಿಗ್‌ನ ಸಣ್ಣ ಕರುಳಿನ ಎರಡು ಮೂರು ಸೆಂಟಿಮೀಟರ್ ಉದ್ದದ ತುಂಡಿನ ಎರಡೂ ತುದಿಗಳಿಗೆ, ಒಳಗಿನ ರಂಧ್ರ ಮುಚ್ಚಿಹೋಗದಂತೆ ಎಚ್ಚರ ವಹಿಸಿ, ದಾರ ಕಟ್ಟಬೇಕು. ಒಂದು ತುದಿಯನ್ನು ಪಾತ್ರೆಯೊಳಗಿನ ಕೊಕ್ಕೆಗೂ ಇನ್ನೊಂದನ್ನು ಸೆಳೆತವನ್ನು ಅಳೆಯುವ ಟ್ರಾನ್ಸ್‌ಡ್ಯೂಸರ್‌ಗೂ ಸೇರಿಸಿ, ಅಂಗಾಂಶ ಸ್ಥಿಮಿತಕ್ಕೆ ಬರುವವರೆಗೆ ಕಾಯಬೇಕು. ಕಾಯುವುದನ್ನು ಕಲಿಯುವುದೂ ಈ ಪಾಠದ ಒಂದು ಭಾಗ. ಬಳಿಕ ಅಸಿಟೈಲ್‌ಕೋಲಿನ್ ಎಂಬ, ಕರುಳನ್ನು ಸಂಕುಚಿಸುವ ವಸ್ತುವನ್ನು ಹಾಕುತ್ತೇವೆ, ಸಂಕೋಚನವನ್ನು ದಾಖಲಿಸುವ ಗೆರೆ ಏರುತ್ತದೆ, ತೊಳೆಯುತ್ತೇವೆ, ಇಳಿಯುತ್ತದೆ, ಪ್ರಮಾಣವನ್ನು ದುಪ್ಪಟ್ಟು ಮಾಡುತ್ತೇವೆ, ಗೆರೆ ಇನ್ನಷ್ಟು ಏರುತ್ತದೆ. ಹೀಗೇ ಮುಂದುವರಿಸಿದರೆ, ಎಷ್ಟು ಹಾಕಿದರೂ ಇನ್ನು ಮೇಲಕ್ಕೆ ಹೋಗದ ಒಂದು ಮಟ್ಟ ಬರುತ್ತದೆ. ಪ್ರಮಾಣವನ್ನು ಲಾಗ್ ಅಳತೆಯಲ್ಲಿ ಗುರುತಿಸಿ ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಸೇರಿಸಿದಾಗ, ಪುಸ್ತಕದಲ್ಲಿ ಅಚ್ಚಾಗಿರುವ ಆ ಬಳುಕುವ ರೇಖೆ ನಮ್ಮದೇ ಅಂಕಿಗಳಿಂದ ಮೂಡುತ್ತದೆ.

ಅನಂತರ ಅದೇ ದ್ರಾವಣಕ್ಕೆ ಅತ್ಯಲ್ಪ ಪ್ರಮಾಣದ ಅಟ್ರೊಪಿನ್ ಬೆರೆಸಿ ಇಡೀ ಸರಣಿಯನ್ನು ಮತ್ತೊಮ್ಮೆ ಮಾಡಬೇಕು. ಮೊದಲು ಸಾಕಾಗಿದ್ದ ಅಸಿಟೈಲ್‌ಕೋಲಿನ್ ಈಗ ಸಾಲುವುದಿಲ್ಲ. ಆದರೆ ಪ್ರಮಾಣವನ್ನು ಏರಿಸುತ್ತ ಹೋದರೆ ಹಿಂದಿನ ಗರಿಷ್ಠ ಮಟ್ಟವನ್ನೇ ಮುಟ್ಟಬಹುದು. ರೇಖೆ ತನ್ನ ಆಕಾರ ಕೆಡಿಸಿಕೊಳ್ಳದೆ ಬಲಕ್ಕೆ ಸರಿದಿರುತ್ತದೆ. ಎರಡು ವಸ್ತುಗಳು ಒಂದೇ ಜಾಗಕ್ಕಾಗಿ ಪೈಪೋಟಿ ನಡೆಸುತ್ತಿವೆ ಎಂಬುದಕ್ಕೆ ಇದೇ ಸಾಕ್ಷಿ. ನಮ್ಮ ಪ್ರಯೋಗದಲ್ಲಿ ಇನ್ನೊಂದು ಸೊಗಸಾದ ಹಂತವೂ ಇತ್ತು: ಅಟ್ರೊಪಿನ್ ಇರುವಾಗಲೇ, ಬೇರೊಂದು ರಿಸೆಪ್ಟರಿನ ಮೂಲಕ ಕೆಲಸ ಮಾಡುವ ಹಿಸ್ಟಮಿನ್ ಹಾಕಿದರೆ ಕರುಳಿನ ತುಂಡು ಎಂದಿನ ಬಲದಿಂದಲೇ ಸಂಕುಚಿಸುತ್ತದೆ. ಅಂಗಾಂಶ ದಣಿದಿಲ್ಲ, ಸತ್ತಿಲ್ಲ. ಮುಚ್ಚಿರುವುದು ಒಂದು ಬಾಗಿಲು ಮಾತ್ರ. ರೇಖೆ ಎಷ್ಟು ಸರಿಯಿತು ಎಂಬುದರಿಂದ ಅಟ್ರೊಪಿನ್ ಆ ರಿಸೆಪ್ಟರನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಲೆಕ್ಕ ಹಾಕುವ ವಿಧಾನವನ್ನು ಹೈನ್ಸ್ ಶಿಲ್ಡ್ ರೂಪಿಸಿದ್ದು 1940ರ ದಶಕದಲ್ಲಿ, ಇಂಥ ಕರುಳಿನ ತುಂಡುಗಳ ಮೇಲೆಯೇ. ಪ್ರೋಟೀನಿನ ಆಕಾರವನ್ನು ಯಾರೂ ಕಾಣದಿದ್ದ ಕಾಲದಲ್ಲಿ, ಬರೀ ಸಂಕೋಚನವನ್ನು ಅಳೆದು ಅಣುವಿನ ಮಟ್ಟದ ಸಂಬಂಧವೊಂದಕ್ಕೆ ಅಂಕಿ ಕೊಟ್ಟ ಆ ಬುದ್ಧಿವಂತಿಕೆಯನ್ನು ಕೈಯಾರೆ ಮಾಡಿ ನೋಡಿದಾಗ ಆಗುವ ಸಂತೋಷಕ್ಕಾಗಿಯೇ ಈ ಪಠ್ಯಕ್ರಮವನ್ನು ಆರಿಸಿಕೊಳ್ಳಬಹುದು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಇಂಥ ಪ್ರಯೋಗಗಳ ಬಹುಭಾಗವನ್ನು ಈಗ ಕಂಪ್ಯೂಟರ್ ಅನುಕರಣೆಯಲ್ಲಿ ಮಾಡಿಸುತ್ತಾರೆ. ಅದಕ್ಕೆ ಸರಿಯಾದ ಕಾರಣವಿದೆ. ಪ್ರಾಣಿಗಳಿಗೆ ಬದಲಿಯನ್ನು ಹುಡುಕಬೇಕು, ಬಳಸುವ ಸಂಖ್ಯೆಯನ್ನು ತಗ್ಗಿಸಬೇಕು, ನೋವನ್ನು ಕಡಿಮೆ ಮಾಡಬೇಕು ಎಂದು ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಮೂರು ತತ್ವಗಳನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ನೂರಾರು ವಿದ್ಯಾರ್ಥಿಗಳು ಪ್ರತಿ ವರ್ಷವೂ ಗೊತ್ತಿರುವ ಫಲಿತಾಂಶವನ್ನೇ ಪಡೆಯಲು ಪ್ರಾಣಿಗಳನ್ನು ಕೊಲ್ಲಬೇಕಾಗಿಲ್ಲ. ಅನುಕರಣೆಯಲ್ಲಿ ಒಂದೇ ಮಧ್ಯಾಹ್ನ ಹತ್ತಾರು ಔಷಧಗಳನ್ನು ಪರೀಕ್ಷಿಸಬಹುದು, ಗುರುತು ಹೇಳದ ಒಂದು ವಸ್ತುವನ್ನು ಕೊಟ್ಟು ಅದು ಯಾವ ಗುಂಪಿನದೆಂದು ಪತ್ತೆ ಹಚ್ಚಿಸಬಹುದು. ಈ ಪತ್ತೆ ಹಚ್ಚುವ ಅಭ್ಯಾಸ ನಮ್ಮಲ್ಲಿ ತುಂಬ ಉಪಯುಕ್ತವಾಗಿತ್ತು. ಕೊರತೆ ಇರುವುದು ಬೇರೆಡೆ. ಪರದೆಯ ಮೇಲಿನ ಕರುಳು ದಣಿಯುವುದಿಲ್ಲ, ತನ್ನಷ್ಟಕ್ಕೆ ತಾನೇ ಮಿಡಿದು ಗೆರೆಯನ್ನು ಕೆಡಿಸುವುದಿಲ್ಲ, ಸರಿಯಾಗಿ ತೊಳೆಯದಿದ್ದರೆ ಮುಂದಿನ ಅಳತೆಯನ್ನು ತಪ್ಪಿಸುವುದಿಲ್ಲ. ಅಂಕಿಗಳಲ್ಲಿ ಏರುಪೇರು ಎಲ್ಲಿಂದ ಬರುತ್ತದೆ ಎಂಬುದು ಕೈಗೆ ಸಿಕ್ಕ ನಂತರವೇ ಸಂಖ್ಯಾಶಾಸ್ತ್ರದ ಪಾಠಕ್ಕೆ ಅರ್ಥ ಬರುತ್ತದೆ. ಸಂಶೋಧನೆಗೆಂದು ಬಳಸಿದ ಪ್ರಾಣಿಯಿಂದ ಉಳಿದ ಅಂಗಾಂಶದ ಮೇಲೆ ಒಂದೆರಡು ನಿಜವಾದ ಪ್ರಯೋಗಗಳು, ಉಳಿದವೆಲ್ಲ ಅನುಕರಣೆ: ನಮ್ಮ ವಿಭಾಗ ಹಿಡಿದ ಈ ಹದ ಸರಿಯಾದುದು.

ಫಾರ್ಮಕೊಕೈನೆಟಿಕ್ಸ್ ಎಂದರೆ ಹಲವರು ಹೆದರುತ್ತಾರೆ. ಅಲ್ಲಿ ಬೇಕಾಗುವ ಗಣಿತ ನಿಜಕ್ಕೂ ಸ್ವಲ್ಪ. ದೇಹದಲ್ಲಿರುವ ಔಷಧದ ಇಂತಿಷ್ಟು ಭಾಗ ಇಂತಿಷ್ಟು ಕಾಲದಲ್ಲಿ ಹೊರಹೋಗುತ್ತದೆ ಎಂಬ ಒಂದೇ ವಿಚಾರದಿಂದ ಅರ್ಧಾಯು (ಔಷಧದ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಸಮಯ), ಔಷಧ ರಕ್ತದಲ್ಲಿ ಸ್ಥಿರ ಮಟ್ಟ ತಲುಪಲು ಬೇಕಾದ ಸಮಯ, ಮೊದಲ ಸಲ ಕೊಡುವ ದೊಡ್ಡ ಪ್ರಮಾಣ ಎಲ್ಲವೂ ಹೊರಡುತ್ತವೆ. ಒಂದೇ ಪ್ರಮಾಣವನ್ನು ನಿಯಮಿತವಾಗಿ ಕೊಡುತ್ತಿದ್ದರೆ ಒಂದು ಅರ್ಧಾಯುವಿನಲ್ಲಿ ಸ್ಥಿರ ಮಟ್ಟದ ಶೇ. 50, ಎರಡರಲ್ಲಿ 75, ಮೂರರಲ್ಲಿ 87.5, ನಾಲ್ಕರಲ್ಲಿ ಸುಮಾರು 94ರಷ್ಟು ತಲುಪುತ್ತೇವೆ. ಆದ್ದರಿಂದಲೇ ಅರ್ಧಾಯು ಒಂದೂವರೆ ದಿನದಷ್ಟಿರುವ, ಹೃದಯದ ಕಾಯಿಲೆಗೆ ಕೊಡುವ ಡಿಗಾಕ್ಸಿನ್‌ನಂಥ ಔಷಧದ ಪೂರ್ಣ ಪರಿಣಾಮಕ್ಕೆ, ಆರಂಭದಲ್ಲಿ ದೊಡ್ಡ ಪ್ರಮಾಣ ಕೊಡದಿದ್ದರೆ, ಒಂದು ವಾರ ಕಾಯಬೇಕಾಗುತ್ತದೆ. ಅದೇ ಡಿಗಾಕ್ಸಿನ್‌ನ ವಿತರಣಾ ಗಾತ್ರವನ್ನು, ಅಂದರೆ ದೇಹದಲ್ಲಿರುವ ಇಡೀ ಔಷಧ ರಕ್ತದಲ್ಲಿನ ಸಾಂದ್ರತೆಯಲ್ಲೇ ಹರಡಿರಲು ಬೇಕಾಗುವ ದ್ರವದ ಗಾತ್ರವನ್ನು, ಲೆಕ್ಕ ಮಾಡಿಸಿದಾಗ 70 ಕಿಲೋ ತೂಕದ ವ್ಯಕ್ತಿಯಲ್ಲಿ ಉತ್ತರ 500 ಲೀಟರಿನ ಹತ್ತಿರ ಬರುತ್ತದೆ. ದೇಹದಲ್ಲಿರುವ ಒಟ್ಟು ನೀರೇ ಸುಮಾರು 42 ಲೀಟರು. ತರಗತಿಯೆಲ್ಲ ತಮ್ಮ ಲೆಕ್ಕ ಎಡವಿರಬೇಕು ಎಂದು ಮತ್ತೆ ಮತ್ತೆ ಪರಿಶೀಲಿಸುತ್ತಿದ್ದಾಗ, ಔಷಧದ ಬಹುಭಾಗ ರಕ್ತವನ್ನು ಬಿಟ್ಟು ಸ್ನಾಯು ಮತ್ತಿತರ ಅಂಗಾಂಶಗಳಲ್ಲಿ ಹೋಗಿ ಕೂತಿದೆ ಎಂಬ ಅರ್ಥವನ್ನು ಅಧ್ಯಾಪಕರು ಆ ಅಂಕಿಯಿಂದಲೇ ಬಿಡಿಸಿ ತೋರಿಸಿದರು. ಡಿಗಾಕ್ಸಿನ್ ವಿಷವೇರಿದವರಲ್ಲಿ ಡಯಾಲಿಸಿಸ್‌ನಿಂದ ಹೆಚ್ಚು ಪ್ರಯೋಜನವಿಲ್ಲ ಏಕೆ ಎಂಬುದು ಬೇರೆಯಾಗಿ ಕಲಿಯಬೇಕಾದ ಸಂಗತಿಯಾಗಿ ಉಳಿಯಲಿಲ್ಲ.

ಇದಕ್ಕಿಂತಲೂ ನನಗೆ ಮುಖ್ಯವೆನಿಸಿದ್ದು ಫೆನಿಟೋಯಿನ್‌ನ ಅಭ್ಯಾಸ. ಅಪಸ್ಮಾರಕ್ಕೆ ಕೊಡುವ ಈ ಔಷಧವನ್ನು ವಿಘಟಿಸುವ ಕಿಣ್ವಗಳು ಚಿಕಿತ್ಸೆಯ ಪ್ರಮಾಣದಲ್ಲೇ ತಮ್ಮ ಶಕ್ತಿಯ ಮಿತಿಯನ್ನು ಸಮೀಪಿಸುತ್ತವೆ. ರೋಗಿಯೊಬ್ಬರ ದೇಹ ದಿನಕ್ಕೆ ಗರಿಷ್ಠ 500 ಮಿಲಿಗ್ರಾಂ ವಿಘಟಿಸಬಲ್ಲದು, ಆ ವೇಗದ ಅರ್ಧವನ್ನು ಲೀಟರಿಗೆ 4 ಮಿಲಿಗ್ರಾಂ ಸಾಂದ್ರತೆಯಲ್ಲಿ ತಲುಪುತ್ತದೆ ಎಂದು ಕೊಟ್ಟು ಲೆಕ್ಕ ಹಾಕಿಸಿದರು. ದಿನಕ್ಕೆ 300 ಮಿಲಿಗ್ರಾಂ ಕೊಟ್ಟರೆ ರಕ್ತದಲ್ಲಿ ಲೀಟರಿಗೆ 6 ಮಿಲಿಗ್ರಾಂ ನಿಲ್ಲುತ್ತದೆ. 400 ಕೊಟ್ಟರೆ 16. ಇನ್ನು 50 ಮಾತ್ರ ಸೇರಿಸಿ 450 ಕೊಟ್ಟರೆ 36. ಚಿಕಿತ್ಸೆಗೆ ಬೇಕಾದದ್ದು 10ರಿಂದ 20ರ ನಡುವಿನ ಮಟ್ಟ. ಸಣ್ಣ ಏರಿಕೆಯೊಂದು ರೋಗಿಯನ್ನು ಚಿಕಿತ್ಸೆಯ ಮಟ್ಟದಿಂದ ವಿಷದ ಮಟ್ಟಕ್ಕೆ ಒಯ್ಯುವುದನ್ನು ಪೆನ್ಸಿಲ್ ಹಿಡಿದು ಸ್ವತಃ ಕಂಡವರು ‘ಪ್ರಮಾಣವನ್ನು ಎಚ್ಚರಿಕೆಯಿಂದ ಹೆಚ್ಚಿಸಬೇಕು’ ಎಂಬ ವಾಕ್ಯವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಇಂಥ ಲೆಕ್ಕಗಳ ಹಾಳೆಗಳನ್ನು ತಯಾರಿಸಿದ ಅಧ್ಯಾಪಕರ ಶ್ರಮ ಪ್ರತಿ ಪುಟದಲ್ಲೂ ಕಾಣುತ್ತಿತ್ತು.

ಎರಡನೆಯ ಅರ್ಧದಲ್ಲಿ, ಅಂದರೆ ಒಂದೊಂದೇ ಅಂಗವ್ಯೂಹದ ಔಷಧಗಳನ್ನು ಪರಿಚಯಿಸುವ ಭಾಗದಲ್ಲಿ, ಗುಣಮಟ್ಟ ಒಂದೇ ಸಮನಾಗಿರಲಿಲ್ಲ. ಹೃದಯದ ಔಷಧಗಳ ಉಪನ್ಯಾಸವನ್ನು ಈಗಲೂ ಮೆಚ್ಚಿಕೊಳ್ಳುತ್ತೇನೆ. ಅಡ್ರಿನಾಲಿನ್ ಗುಂಪಿನ ವಸ್ತುಗಳು ಬೇರೆ ಬೇರೆ ಅಂಗಾಂಶಗಳಲ್ಲಿ ತೋರುವ ಬಲದ ಕ್ರಮವನ್ನು ಹೋಲಿಸಿ, ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ರಿಸೆಪ್ಟರ್‌ಗಳಿರಬೇಕು ಎಂದು ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಹೇಳಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. ಎದೆನೋವಿನ ರೋಗಿಗಳಲ್ಲಿ ಹೃದಯಕ್ಕೆ ಆಮ್ಲಜನಕದ ಪೂರೈಕೆಯನ್ನು ಹೆಚ್ಚಿಸುವ ಪ್ರಯತ್ನಗಳೇ ನಡೆಯುತ್ತಿದ್ದ ಕಾಲದಲ್ಲಿ, ಹೃದಯದ ಬೇಡಿಕೆಯನ್ನೇ ತಗ್ಗಿಸಬಹುದಲ್ಲ ಎಂದು ಯೋಚಿಸಿದ ಜೇಮ್ಸ್ ಬ್ಲ್ಯಾಕ್ ಆ ವಿಚಾರವನ್ನು ಕೈಗೆತ್ತಿಕೊಂಡು 1960ರ ದಶಕದಲ್ಲಿ ಬೀಟಾ ರಿಸೆಪ್ಟರನ್ನು ತಡೆಯುವ ಪ್ರೊಪ್ರನಲಾಲ್ ಅನ್ನು ರೂಪಿಸಿದರು. ಮುಂದೆ ಇದೇ ದಾರಿಯಲ್ಲಿ ಹಿಸ್ಟಮಿನ್‌ನ ಎರಡನೆಯ ಬಗೆಯ ರಿಸೆಪ್ಟರನ್ನು ತಡೆಯುವ ಸಿಮೆಟಿಡಿನ್ ಬಂದು ಹೊಟ್ಟೆಹುಣ್ಣಿನ ಚಿಕಿತ್ಸೆಯನ್ನೇ ಬದಲಿಸಿತು. 1988ರ ನೊಬೆಲ್ ಪ್ರಶಸ್ತಿಯನ್ನು ಬ್ಲ್ಯಾಕ್ ಇನ್ನಿಬ್ಬರೊಡನೆ ಹಂಚಿಕೊಂಡರು. ಈ ಕಥೆಯ ಬೆನ್ನಿಗೆ ಬೀಟಾ ಬ್ಲಾಕರ್‌ಗಳ ಉಪಯೋಗ, ಅಡ್ಡಪರಿಣಾಮ, ಉಬ್ಬಸವಿರುವವರಿಗೆ ಅವು ತರುವ ಅಪಾಯ ಎಲ್ಲವೂ ತಾರ್ಕಿಕವಾಗಿ ಬಂದವು.

ಸೂಕ್ಷ್ಮಾಣುನಿರೋಧಕಗಳ ಸರದಿ ಬಂದಾಗ ಸೆಮಿಸ್ಟರಿನ ಕೊನೆ ಹತ್ತಿರವಾಗಿತ್ತು. ಪೆನಿಸಿಲಿನ್‌ಗಳು, ಸೆಫಲೋಸ್ಪೋರಿನ್‌ಗಳು, ಮ್ಯಾಕ್ರೊಲೈಡ್‌ಗಳು, ಅಮಿನೋಗ್ಲೈಕೊಸೈಡ್‌ಗಳು ಎಂದು ಸ್ಲೈಡಿನ ಮೇಲೆ ಸ್ಲೈಡು ಓಡಿತು. ಪ್ರತಿಯೊಂದರಲ್ಲೂ ಹೆಸರುಗಳ ಕೋಷ್ಟಕ, ಅಡ್ಡಪರಿಣಾಮಗಳ ಕೋಷ್ಟಕ. ಹಿಂದಿನ ಸೆಮಿಸ್ಟರಿನಲ್ಲಿ ಕಲಿತ ಕೈನೆಟಿಕ್ಸ್ ಇಲ್ಲಿ ಕೈಹಿಡಿಯಬೇಕಿತ್ತು. ಪೆನಿಸಿಲಿನ್ ಕೆಲಸ ಮಾಡುವುದು ಅದರ ಸಾಂದ್ರತೆ ಒಂದು ಕನಿಷ್ಠ ಮಟ್ಟದ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರ ಮೇಲೆ, ಅಮಿನೋಗ್ಲೈಕೊಸೈಡ್ ಕೆಲಸ ಮಾಡುವುದು ಅದು ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದರ ಮೇಲೆ. ಒಂದನ್ನು ದಿನಕ್ಕೆ ಹಲವು ಬಾರಿ, ಇನ್ನೊಂದನ್ನು ಬಹಳಷ್ಟು ಸಂದರ್ಭಗಳಲ್ಲಿ ದಿನಕ್ಕೆ ಒಂದೇ ಬಾರಿ ಕೊಡುವುದಕ್ಕೆ ಇದೇ ಕಾರಣ. ಈ ಒಂದು ಹೋಲಿಕೆಗೆ ಅರ್ಧ ಗಂಟೆ ಮೀಸಲಿಟ್ಟಿದ್ದರೆ ಆ ಕೋಷ್ಟಕಗಳಲ್ಲಿ ಅರ್ಧದಷ್ಟು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತಿದ್ದವು. ಪಠ್ಯಕ್ರಮದ ದೊಡ್ಡ ದೋಷ ಇದೇ ಎಂದು ನಾನು ಭಾವಿಸುತ್ತೇನೆ: ಅದರ ಮೊದಲ ವರ್ಷ ಕೊಟ್ಟ ಸಲಕರಣೆಗಳನ್ನು ಎರಡನೆಯ ವರ್ಷ ಬಳಸಲು ಬಿಡಲಿಲ್ಲ.

ಔಷಧಗಳ ಅಪಾಯದ ಭಾಗಕ್ಕೆ ಸಿಕ್ಕ ಸಮಯ ಕಡಿಮೆ, ಆದರೆ ಸಿಕ್ಕಷ್ಟರಲ್ಲಿ ಪಾಠ ಗಂಭೀರವಾಗಿತ್ತು. ಪ್ಯಾರಸಿಟಮಾಲ್‌ನ ಬಹುಭಾಗವನ್ನು ಯಕೃತ್ತು ನಿರಪಾಯಕಾರಿಯಾಗಿ ಮಾಡಿ ಹೊರಗೆ ಕಳಿಸುತ್ತದೆ. ಸ್ವಲ್ಪ ಭಾಗ ಮಾತ್ರ ಒಂದು ಪ್ರಬಲ ವಿಷವಸ್ತುವಾಗಿ ಮಾರ್ಪಟ್ಟು, ದೇಹವೇ ತಯಾರಿಸುವ ಗ್ಲುಟಥಯೋನ್ ಎಂಬ ವಸ್ತು ಅದನ್ನು ಕೂಡಲೇ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಮಿತಿಮೀರಿ ಸೇವಿಸಿದಾಗ ಗ್ಲುಟಥಯೋನ್ ಬರಿದಾಗಿ ವಿಷವಸ್ತು ಯಕೃತ್ತಿನ ಕೋಶಗಳನ್ನೇ ಕೊಲ್ಲುತ್ತದೆ, ಮತ್ತು ಮೊದಲ ದಿನ ರೋಗಿ ಬಹುತೇಕ ಆರೋಗ್ಯವಾಗಿಯೇ ಕಾಣಬಹುದು. ಅಸಿಟೈಲ್‌ಸಿಸ್ಟೀನ್ ಎಂಬ, ಗ್ಲುಟಥಯೋನ್ ಅನ್ನು ಮತ್ತೆ ತುಂಬಿಕೊಡುವ ಮದ್ದನ್ನು ಮೊದಲ ಎಂಟು ಗಂಟೆಗಳೊಳಗೆ ಕೊಟ್ಟರೆ ರಕ್ಷಣೆ ಅತ್ಯುತ್ತಮ ಎಂಬುದು ಈ ರಸಾಯನಶಾಸ್ತ್ರದಿಂದಲೇ ತಿಳಿಯುತ್ತದೆ. ಮನೆಮನೆಯಲ್ಲೂ ಇರುವ ಔಷಧವೊಂದನ್ನು ಆರಿಸಿಕೊಂಡು ವಿಷಶಾಸ್ತ್ರವನ್ನು ಕಲಿಸಿದ್ದು ಒಳ್ಳೆಯ ನಿರ್ಧಾರ. 1937ರಲ್ಲಿ ಅಮೆರಿಕದಲ್ಲಿ ಸೋಂಕಿನ ಔಷಧವಾದ ಸಲ್ಫನಿಲಮೈಡ್ ಅನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನರು ಸತ್ತದ್ದು, 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದು ಗರ್ಭಿಣಿಯರೂ ಸೇವಿಸಿದ ಥಾಲಿಡೊಮೈಡ್ ಅನ್ನು 1961ರಲ್ಲಿ ಹಿಂತೆಗೆಯುವಷ್ಟರಲ್ಲಿ ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ್ದು, ಸುರಕ್ಷತೆಯ ಮಾಹಿತಿ ಸಾಲದೆಂದು ಔಷಧ ನಿಯಂತ್ರಣ ಸಂಸ್ಥೆಯ ಫ್ರಾನ್ಸಿಸ್ ಕೆಲ್ಸಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ತಡೆಹಿಡಿದದ್ದು, ಇವೆಲ್ಲ ಒಂದೇ ಉಪನ್ಯಾಸದಲ್ಲಿ ಮುಗಿದುಹೋದವು. ಥಾಲಿಡೊಮೈಡ್ ಅಂಟಿಕೊಳ್ಳುವ ಸೆರೆಬ್ಲಾನ್ ಎಂಬ ಪ್ರೋಟೀನ್ ಗೊತ್ತಾದದ್ದು 2010ರಲ್ಲಿ, ಅಂದರೆ ದುರಂತದ ಸುಮಾರು ಅರ್ಧ ಶತಮಾನದ ನಂತರ. ಔಷಧ ನಿಯಂತ್ರಣದ ಕಾನೂನುಗಳು ಯಾವ ಮಕ್ಕಳ ಬೆಲೆಗೆ ಬಂದವು ಎಂಬುದನ್ನು ಈ ಕ್ಷೇತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ನಿಧಾನವಾಗಿ, ವಿವರವಾಗಿ ಓದಬೇಕು. ಇದಕ್ಕೆ ಕನಿಷ್ಠ ಒಂದು ವಾರದ ಪಾಠ ಸಲ್ಲಬೇಕಿತ್ತು.

ಪರೀಕ್ಷೆಯ ಬಗ್ಗೆ ನನ್ನ ಅಸಮಾಧಾನ ಹೆಚ್ಚು. ಪ್ರಯೋಗಾಲಯದಲ್ಲಿ ಅಷ್ಟು ಚೆನ್ನಾಗಿ ಕಲಿಸಿದ ವಿಭಾಗವೇ ಅಂತಿಮ ಪರೀಕ್ಷೆಯಲ್ಲಿ ಅಂಕಗಳ ಬಹುಪಾಲನ್ನು ಬಹುಆಯ್ಕೆಯ ಪ್ರಶ್ನೆಗಳಿಗೆ ಇಟ್ಟಿತ್ತು, ಮತ್ತು ಅವುಗಳಲ್ಲಿ ಹೆಚ್ಚಿನವು ಈ ಕೆಳಗಿನವುಗಳಲ್ಲಿ ಯಾವುದು ಇಂಥ ಗುಂಪಿಗೆ ಸೇರಿದ್ದು ಎಂಬ ಬಗೆಯವು. ಗ್ರಾಫ್ ಕೊಟ್ಟು ಅದನ್ನು ಅರ್ಥೈಸಲು ಹೇಳಿದ ಪ್ರಶ್ನೆ ಒಂದೇ ಒಂದಿತ್ತು. ಫೆನಿಟೋಯಿನ್‌ನಂಥ ಲೆಕ್ಕ ಒಂದೂ ಬರಲಿಲ್ಲ. ವಿದ್ಯಾರ್ಥಿಗಳು ಓದುವುದು ಪರೀಕ್ಷೆ ಕೇಳುವುದನ್ನು. ಎರಡನೆಯ ವರ್ಷದ ಹೊತ್ತಿಗೆ ತರಗತಿಯ ಬಹುತೇಕರು ಕಾರಣಗಳನ್ನು ಬಿಟ್ಟು ಹೆಸರುಗಳ ಚೀಟಿಗಳನ್ನು ಹಿಡಿದಿದ್ದರು. ಪ್ರಯೋಗದ ವರದಿಗಳನ್ನು ತಿದ್ದಿ ಹಿಂತಿರುಗಿಸುವುದು ಎಷ್ಟು ತಡವಾಗುತ್ತಿತ್ತೆಂದರೆ, ಒಂದು ವರದಿಯ ಟೀಕೆ ಕೈಸೇರುವ ಮುನ್ನವೇ ಮುಂದಿನದನ್ನು ಒಪ್ಪಿಸಿ ಆಗಿರುತ್ತಿತ್ತು.

ಈ ವಿಷಯವನ್ನು ಆರಿಸಿಕೊಳ್ಳುವವರಿಗೆ ಶರೀರಕ್ರಿಯಾಶಾಸ್ತ್ರದ ತಳಪಾಯ ಗಟ್ಟಿಯಾಗಿರಬೇಕು. ಸ್ವನಿಯಂತ್ರಿತ ನರವ್ಯೂಹ, ಮೂತ್ರಪಿಂಡದ ಕೆಲಸ, ಹೃದಯದ ವಿದ್ಯುತ್ ಚಟುವಟಿಕೆ ಈ ಮೂರನ್ನು ಮೊದಲೇ ಸರಿಯಾಗಿ ತಿಳಿದವರಿಗೆ ಔಷಧಗಳ ಅರ್ಧ ಪಾಠ ಹೊಸದೆನಿಸುವುದಿಲ್ಲ. ಲಾಗರಿದಮ್ ಮತ್ತು ಆಮ್ಲ-ಪ್ರತ್ಯಾಮ್ಲ ಸಮತೋಲನದ ಲೆಕ್ಕಗಳು ಕೈಯಲ್ಲಿರಲಿ. ಔಷಧವೊಂದು ಜಠರದ ಅಥವಾ ಕರುಳಿನ ಪೊರೆಯನ್ನು ಎಷ್ಟು ಸುಲಭವಾಗಿ ದಾಟುತ್ತದೆ ಎಂಬುದು ಹಲವು ಬಾರಿ ಅಲ್ಲೇ ತೀರ್ಮಾನವಾಗುತ್ತದೆ. ಬಾಯಿಪಾಠದಲ್ಲಿ ಚುರುಕಿದ್ದು ಲೆಕ್ಕಕ್ಕೆ ಬೇಸರಪಡುವವರಿಗೆ ಮೊದಲ ವರ್ಷ ಕಷ್ಟವೆನಿಸಬಹುದು. ಕಾರಣ ತಿಳಿಯದೆ ಯಾವುದನ್ನೂ ಒಪ್ಪದ ಸ್ವಭಾವದವರಿಗೆ ಇದು ಹೇಳಿ ಮಾಡಿಸಿದ ವಿಷಯ.

ಸೇರುವ ಮುನ್ನ ವಿಭಾಗದವರನ್ನು ಭೇಟಿ ಮಾಡುವ ಅವಕಾಶ ಸಿಕ್ಕರೆ, ನಿಜವಾದ ಅಂಗಾಂಶದ ಮೇಲೆ ಒಂದಾದರೂ ಪ್ರಯೋಗ ಇದೆಯೇ, ಕೊನೆಯ ವರ್ಷದಲ್ಲಿ ಸ್ವಂತ ಯೋಜನೆಗೆ ಪ್ರಯೋಗಾಲಯದಲ್ಲಿ ಜಾಗ ಸಿಗುತ್ತದೆಯೇ ಎಂದು ಕೇಳಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ತೋರಿಸಲು ಹೇಳಿ. ಅವುಗಳಲ್ಲಿ ಗ್ರಾಫ್‌ಗಳೂ ಲೆಕ್ಕಗಳೂ ಧಾರಾಳವಾಗಿದ್ದರೆ ಧೈರ್ಯವಾಗಿ ಸೇರಬಹುದು. ಪುಟಪುಟಕ್ಕೂ ಔಷಧಗಳ ಹೆಸರುಗಳೇ ತುಂಬಿದ್ದರೆ, ಉಪನ್ಯಾಸಗಳ ಪಟ್ಟಿ ಎಷ್ಟೇ ಆಕರ್ಷಕವಾಗಿದ್ದರೂ, ಇನ್ನೊಂದು ವಿಶ್ವವಿದ್ಯಾಲಯವನ್ನು ವಿಚಾರಿಸುವುದು ಒಳಿತು.